ಉಕ್ಕಿನ ಗುಟ್ಟನ್ನು ಬಯಲಿಗಿಟ್ಟ ರಿಯೋಮರ್



ಮೋಟಾರು ಗಾಡಿಯ ಒಡಲಿನಲ್ಲಿ ಹಲ್ಲುಚಕ್ರಗಳಿರುವುದನ್ನು ನೀವು ಬಲ್ಲಿರಿ. ಒಂದರ ಹಲ್ಲು ಇನ್ನೊಂದರ ಹಲ್ಲನ್ನು ಉಜ್ಜುತ್ತ, ತಳ್ಳುತ್ತ, ದಿನವೊಂದರಲ್ಲಿ ಲಕ್ಷಾಂತರ ಸಲ ಸುತ್ತುತ್ತದೆ. ಇಂತಹ ಹಲ್ಲಿಗೆ ಎರಡು ಗುಣಗಳು ಅವಶ್ಯಕ. ಅದರ ಮೈ ಗಡಸಾಗಿರಬೇಕು. ಇಲ್ಲವಾದರೆ ಕೆಲವೇ ದಿನಗಳಲ್ಲಿ ಸವೆದುಹೋಗುವುದು. ಅದರ ಒಳಗು ಜಿಗುಟಾಗಿರಬೇಕು. ಇಲ್ಲವಾದರೆ ಒಂದು ಹೊಡೆತಕ್ಕೆ ಗಾಜಿನಂತೆ ಒಡೆದುಹೋಗುವುದು. ಆದರೆ ಕಬ್ಬಿಣದಲ್ಲಿ ಈ ಎರಡು ಗುಣಗಳು ಒಂದಕ್ಕೊಂದು ಸವತಿಯರಿದ್ದಂತೆ. ಗಡಸುತನ ಬಂದೊಡನೆ ಜಿಗುಟುತನ ಮುನಿಸಿಕೊಂಡು ಹೊರಡುತ್ತದೆ. ಜಿಗುಟುತನವನ್ನು ಉಳಿಸಿಕೊಂಡರೆ ಗಡಸುತನ ಹೊಸಿಲು ದಾಟಿ ಒಳಗೆ ಬರುವುದಿಲ್ಲ.

ಈ ಇಬ್ಬರನ್ನೂ ಒಂದೇ ಮನೆಯಲ್ಲಿ ಬಾಳಿಸುವ ಉಪಾಯವೊಂದುಂಟು. ಮೆದುವಾದ ಕಬ್ಬಿಣದ ಸಾಮಾನನ್ನು ಮೊದಲು ಮಾಡಿಕೊಂಡು, ಅನಂತರ ಅದರ ಮೇಲ್ಮೈಯನ್ನು ಮಾತ್ರ, ಕಾಗದದ ಕೆಲವು ಹಾಳೆಗಳಷ್ಟು ದಪ್ಪಕ್ಕೆ, ಗಡಸು ಉಕ್ಕನ್ನಾಗಿ ಮಾಡುವುದೇ ಆ ಉಪಾಯ. ಒಳಗಿನ ತಿರುಳು ಮೊದಲಿನಂತೆಯೇ ಮೆದುವಾಗಿ ಉಳಿಯುತ್ತದೆ. ನಮ್ಮ ಕಾರ್ಖಾನೆಗಳ ಕೆಲಸಗಾರರು ಇದನ್ನು ಕೇಸ್ ಹಾರ್ಡನಿಂಗ್ ಎಂದು ಕರೆಯುತ್ತಾರೆ. ಈ ವಿದ್ಯೆ ಬಹು ಪುರಾತನವಾದುದು. ಆದರೆ ಶತಮಾನಗಳ ಕಾಲ ಅದು ಕುಲುಮೆಯ ಹೊಗೆಯ ಮರೆಯಲ್ಲಿ ಅಡಗಿದ ಗುಟ್ಟಾಗಿತ್ತು. ಆ ಗುಟ್ಟನ್ನು ಪರೀಕ್ಷೆಯೆಂಬ ಮೊರದಲ್ಲಿ ಕೇರಿ, ಜೊಳ್ಳನ್ನು ತೂರಿ, ಕಾಳನ್ನು ಉಳಿಸಿ, ೧೭೨೨ರಲ್ಲಿ ಒಂದು ಗ್ರಂಥದ ಮೂಲಕ ಲೋಕದ ಮುಂದಿಟ್ಟ ಮಹನೀಯನೇ ಫ್ರಾನ್ಸ್ ದೇಶದ ರೆನೆ ಆಂತ್ವಾನ್ ಫೆರ್ಶೋ ದ ರಿಯೋಮರ್. ಉಷ್ಣತಾಮಾಪಕದ ಪಾಠದಲ್ಲಿ ಸೆಂಟಿಗ್ರೇಡ್, ಫ್ಯಾರನ್‌ಹೀಟ್ ಎಂಬ ಹೆಸರುಗಳ ಜೊತೆಗೆ ಈತನ ಹೆಸರನ್ನೂ ಕೆಲವರು ಕೇಳಿರಬಹುದು. ಆದರೆ ಆ ಮಾಪಕವು ಈತನ ಬಾಳಿನ ಒಂದು ಮೂಲೆ ಮಾತ್ರ.

ರಿಯೋಮರನು ೧೬೮೩ನೆಯ ಫೆಬ್ರುವರಿ ೨೮ರಂದು ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೋಶೆಲ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದನು. ತಂದೆ ನ್ಯಾಯಾಧಿಕಾರಿ, ಅನುಕೂಲಸ್ಥ ಮನೆತನ. ಆದರೆ ಮಗನು ಇನ್ನೂ ಕೂಸಾಗಿರುವಾಗಲೇ ತಂದೆ ತೀರಿಕೊಂಡನು. ತಾಯಿಯೂ ಬಂಧುಗಳೂ ಬಾಲಕನನ್ನು ಬೆಳೆಸಿದರು. ಮನೆತನದ ರೂಢಿಯಂತೆ ೧೬೯೯ರಲ್ಲಿ ಆತನನ್ನು ಬೂರ್ಜ್ ಎಂಬ ಊರಿಗೆ ನ್ಯಾಯಶಾಸ್ತ್ರದ ಅಭ್ಯಾಸಕ್ಕೆಂದು ಕಳುಹಿಸಿದರು. ಆದರೆ ತರುಣನ ಮನಸ್ಸು ಕಾನೂನಿನ ಪುಟಗಳಲ್ಲಿ ನಿಲ್ಲಲಿಲ್ಲ. ಗಣಿತವೂ ಪ್ರಕೃತಿಯೂ ಆತನನ್ನು ಸೆಳೆದವು. ೧೭೦೩ರಲ್ಲಿ ಆತನು ರಾಜಧಾನಿಯಾದ ಪ್ಯಾರಿಸ್ಸಿಗೆ ಬಂದನು. ಐದೇ ವರ್ಷಗಳಲ್ಲಿ, ೧೭೦೮ರಲ್ಲಿ, ಜ್ಯಾಮಿತಿಯಲ್ಲಿ ತೋರಿದ ಜಾಣ್ಮೆಯಿಂದ ಅಲ್ಲಿಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದನು. ಆಗ ಆತನಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಮುಂದೆ ಸಾಯುವವರೆಗೂ, ಸುಮಾರು ಅರ್ಧ ಶತಮಾನ, ಆತನು ಆ ಸಂಸ್ಥೆಯ ಸೇವೆ ಮಾಡಿದನು.

ಆತನಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಬಯಸಿದ್ದರೆ ಅಂದಿನ ಇತರ ಸಿರಿವಂತರಂತೆ ಬೇಟೆ, ವಿಲಾಸ, ಅರಮನೆಯ ಓಲೈಕೆಗಳಲ್ಲಿ ಕಾಲ ಕಳೆಯಬಹುದಿತ್ತು. ಆದರೆ ಆತನು ಆರಿಸಿಕೊಂಡ ದಾರಿಯೇ ಬೇರೆ. ಫ್ರಾನ್ಸಿನ ಮಂತ್ರಿ ಕೋಲ್ಬೇರನ ಕಾಲದಿಂದಲೂ ಅಕಾಡೆಮಿಯ ಮುಂದೆ ಒಂದು ಬೃಹತ್ ಕಾರ್ಯವಿತ್ತು. ದೇಶದಲ್ಲಿರುವ ಸಮಸ್ತ ಕೈಕಸಬುಗಳ ವಿಧಾನವನ್ನು ವಿವರವಾಗಿ ಬರೆದು, ಉಪಕರಣಗಳ ಚಿತ್ರಗಳನ್ನು ತೆಗೆಯಿಸಿ, ಪ್ರಕಟಿಸುವುದೇ ಆ ಕಾರ್ಯ. ೧೭೧೦ರ ಸುಮಾರಿಗೆ ಇದರ ಹೊಣೆ ರಿಯೋಮರನ ಹೆಗಲಿಗೆ ಬಂದಿತು. ಚಿನ್ನದ ಎಳೆ ತೆಗೆಯುವವರು, ತೊಗಲು ಹದಮಾಡುವವರು, ಗಾಜು ಕಾಯಿಸುವವರು, ಕಮ್ಮಾರರು ಮುಂತಾದವರ ಬಳಿಗೆ ಆತನು ಹೋದನು, ನೋಡಿದನು, ಕೇಳಿದನು, ಬರೆದುಕೊಂಡನು. ಕೈಕೆಲಸವನ್ನು ಕೀಳೆಂದು ಭಾವಿಸುತ್ತಿದ್ದ ಸಮಾಜದಲ್ಲಿ ಪಂಡಿತನೊಬ್ಬನು ಕುಲುಮೆಯ ಬಳಿ ನಿಂತು ಕಮ್ಮಾರನಿಂದ ಕಲಿಯುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಹೀಗೆ ಸುತ್ತುವಾಗ ಆತನ ಗಮನವನ್ನು ಬಲವಾಗಿ ಸೆಳೆದದ್ದು ಉಕ್ಕು. ಫ್ರಾನ್ಸಿನಲ್ಲಿ ಕಬ್ಬಿಣಕ್ಕೆ ಬರವಿರಲಿಲ್ಲ. ಕಾಡುಗಳಿದ್ದವು, ಅದಿರಿತ್ತು, ಕುಲುಮೆಗಳಿದ್ದವು. ಆದರೆ ಒಳ್ಳೆಯ ಕತ್ತಿಗೆ, ಅರಕ್ಕೆ, ಉಳಿಗೆ, ಗಡಿಯಾರದ ಸುರುಳಿಗೆ ಬೇಕಾದ ಉಕ್ಕು ಜರ್ಮನಿ ಮೊದಲಾದ ಹೊರದೇಶಗಳಿಂದ ಬರಬೇಕಾಗಿತ್ತು. ಮನೆಯಲ್ಲಿ ಅಕ್ಕಿಯಿದ್ದೂ ಅನ್ನಕ್ಕಾಗಿ ನೆರೆಮನೆಗೆ ಹೋಗುವ ಅವಸ್ಥೆ ಇದು. ಕಬ್ಬಿಣವನ್ನು ಉಕ್ಕನ್ನಾಗಿ ಮಾಡಬಲ್ಲೆವೆಂದು ಹೇಳಿಕೊಂಡು ಪ್ಯಾರಿಸ್ಸಿಗೆ ಬರುವವರೇನೋ ಬೇಕಾದಷ್ಟು ಮಂದಿ ಇದ್ದರು. ಹಣ ಕೇಳುತ್ತಿದ್ದರು, ಗುಟ್ಟನ್ನು ಮಾತ್ರ ಹೇಳುತ್ತಿರಲಿಲ್ಲ. ಅವರಲ್ಲಿ ಬಹುಮಂದಿ ಹಣ ಕರಗಿಸಿ ಮಾಯವಾದರು.

ಆ ಗುಟ್ಟುಗಳಾದರೂ ಎಂತಹವು? ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಸಂನ್ಯಾಸಿಯು ಎತ್ತಿನ ಕೊಂಬನ್ನು ಸುಟ್ಟು, ಅರೆದು, ಉಪ್ಪು ಬೆರೆಸಿ, ಆ ಪುಡಿಯನ್ನು ಕಾದ ಅರದ ಮೇಲೆ ಉದುರಿಸಿ ಗಡಸು ಮಾಡುವ ರೀತಿಯನ್ನು ಬರೆದಿಟ್ಟಿದ್ದನು. ಹದಿನಾರನೆಯ ಶತಮಾನದ ಜರ್ಮನ್ ಪುಸ್ತಿಕೆಯೊಂದರಲ್ಲಿ ಮೂಲಂಗಿಯ ರಸ, ಎರೆಹುಳುವಿನ ನೀರು ಮುಂತಾದ ವಿಚಿತ್ರ ದ್ರವಗಳ ಪ್ರಸ್ತಾಪವಿದೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಫಲ ಕೊಡುತ್ತಿದ್ದವು; ಕೆಲವು ಬರಿಯ ನಂಬಿಕೆಗಳು. ಯಾವುದು ನಿಜ, ಯಾವುದು ನಂಬಿಕೆ ಎಂಬುದನ್ನು ಬೇರ್ಪಡಿಸಿ ತೋರಿಸಿದವರು ಇರಲಿಲ್ಲ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಪಿಸುಮಾತಿನಲ್ಲಿ ಸಾಗಿಬಂದ ವಿದ್ಯೆಯಲ್ಲಿ ಸತ್ಯವೂ ಮಿಥ್ಯೆಯೂ ಹಾಲುನೀರಿನಂತೆ ಬೆರೆತುಹೋಗಿದ್ದವು.

ರಿಯೋಮರನು ಹಿಡಿದ ಮಾರ್ಗ ಸರಳವಾದುದು, ಆದರೆ ಅಪಾರ ತಾಳ್ಮೆಯನ್ನು ಬೇಡುವಂತಹುದು. ಆತನು ಒಂದೇ ಬಗೆಯ ಮೆದು ಕಬ್ಬಿಣದ ತುಂಡುಗಳನ್ನು ತೆಗೆದುಕೊಂಡನು. ಅವುಗಳನ್ನು ಮಣ್ಣಿನ ಪಾತ್ರೆಗಳಲ್ಲಿಟ್ಟು, ಸುತ್ತಲೂ ಪರೀಕ್ಷಿಸಬೇಕಾದ ಪದಾರ್ಥವನ್ನು ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿ, ಬೆಂಕಿಯಲ್ಲಿ ಗಂಟೆಗಟ್ಟಲೆ ಕಾಯಿಸಿದನು. ಒಂದರಲ್ಲಿ ಇದ್ದಿಲ ಪುಡಿ, ಮತ್ತೊಂದರಲ್ಲಿ ಹೊಗೆಗೂಡಿನ ಮಸಿ, ಇನ್ನೊಂದರಲ್ಲಿ ಸುಟ್ಟ ತೊಗಲು, ಮಗುದೊಂದರಲ್ಲಿ ಉಪ್ಪು, ಬೂದಿ. ಹೀಗೆ ಕಮ್ಮಾರರ ಬಾಯಲ್ಲಿ ಕೇಳಿಬಂದ ಒಂದೊಂದನ್ನೂ ಬಿಡಿಬಿಡಿಯಾಗಿಯೂ ಬೆರಸಿಯೂ ಪರೀಕ್ಷಿಸಿದನು. ಕಾದ ತುಂಡನ್ನು ನೀರಿನಲ್ಲಿ ಅದ್ದಿ, ಸುತ್ತಿಗೆಯಿಂದ ಮುರಿದು, ಮುರಿದ ಮುಖದ ಕಣಗಳನ್ನು ಸೂಕ್ಷ್ಮದರ್ಶಕದಿಂದ ನೋಡಿದನು. ಕಂಡದ್ದನ್ನು ಚಿತ್ರ ಬರೆಸಿಟ್ಟನು. ಲೋಹದ ಒಳರಚನೆಯನ್ನು ಕಣ್ಣಿನಿಂದ ಓದುವ ಶಾಸ್ತ್ರಕ್ಕೆ ಇದು ಮೊದಲ ಹೆಜ್ಜೆಗಳಲ್ಲೊಂದು.

ಆ ಕಾಲದಲ್ಲಿ ಕುಲುಮೆಯ ಕಾವನ್ನು ಅಳೆಯುವ ಸಾಧನ ಇರಲಿಲ್ಲ. ಕಬ್ಬಿಣದ ಬಣ್ಣವೇ ಅಳತೆಗೋಲು. ಮಸುಕು ಕೆಂಪು, ಚೆರ್ರಿ ಹಣ್ಣಿನ ಕೆಂಪು, ಕಿತ್ತಳೆ, ಹಳದಿ, ಬಿಳಿ ಎಂದು ಕಣ್ಣಂದಾಜಿನಲ್ಲಿಯೇ ನಿರ್ಣಯಿಸಬೇಕಾಗಿತ್ತು. ಇಂತಹ ಸ್ಥಿತಿಯಲ್ಲಿ ಒಂದು ಪರೀಕ್ಷೆಯ ಫಲವನ್ನು ಇನ್ನೊಂದಕ್ಕೆ ಹೋಲಿಸಬೇಕಾದರೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಿರಿ. ಗಡಸುತನವನ್ನು ಅಳೆಯುವುದಕ್ಕೂ ಸಾಧನವಿರಲಿಲ್ಲ. ಅದಕ್ಕಾಗಿ ರಿಯೋಮರನು ತಾನೇ ಉಪಾಯಗಳನ್ನು ಹೂಡಿದನು. ಮೆದುವಾದುದರಿಂದ ಗಡಸಾದುದರವರೆಗೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ, ಯಾವ ಕಲ್ಲು ಉಕ್ಕನ್ನು ಗೀರುವುದೆಂದು ನೋಡುವುದು ಒಂದು. ಎರಡು ಲೋಹದ ತುಂಡುಗಳ ಅಂಚುಗಳನ್ನು ಅಡ್ಡಲಾಗಿ ಒಂದರ ಮೇಲೊಂದಿಟ್ಟು ಒತ್ತಿ, ಯಾವುದರಲ್ಲಿ ಹೆಚ್ಚು ತಗ್ಗು ಬಿದ್ದಿತೆಂದು ನೋಡುವುದು ಮತ್ತೊಂದು. ಇಂದು ಕಾರ್ಖಾನೆಗಳಲ್ಲಿ ಉಕ್ಕಿನ ಮೇಲೆ ಗುಂಡನ್ನೋ ವಜ್ರದ ಮೊನೆಯನ್ನೋ ಒತ್ತಿ, ಬಿದ್ದ ತಗ್ಗಿನಿಂದ ಗಡಸುತನವನ್ನು ಲೆಕ್ಕ ಹಾಕುವ ಯಂತ್ರಗಳ ಪೂರ್ವಜ ಇದೇ ಎನ್ನಬಹುದು.

ಈ ಪರೀಕ್ಷೆಗಳಿಂದ ಆತನಿಗೆ ದೊರೆತ ಫಲವೇನು? ಇದ್ದಿಲು, ಮಸಿ, ಸುಟ್ಟ ತೊಗಲು ಮುಂತಾದವುಗಳೇ ಮುಖ್ಯವಾಗಿ ಕಬ್ಬಿಣವನ್ನು ಉಕ್ಕನ್ನಾಗಿಸುವವು ಎಂದು ಆತನು ಕಂಡುಕೊಂಡನು. ಕೊನೆಗೆ ಹೊಗೆಗೂಡಿನ ಮಸಿ, ಇದ್ದಿಲ ಪುಡಿ, ಬೂದಿ ಮತ್ತು ಅಡುಗೆಯ ಉಪ್ಪು, ಈ ನಾಲ್ಕರ ಮಿಶ್ರಣವನ್ನು ಉತ್ತಮವೆಂದು ಆರಿಸಿದನು. ಇವೆಲ್ಲ ಯಾವ ಬಡವನ ಮನೆಯಲ್ಲಿಯೂ ಸಿಗುವ ವಸ್ತುಗಳು. ಲೋಕವು ಶತಮಾನಗಳ ಕಾಲ ಬಚ್ಚಿಟ್ಟ ರಹಸ್ಯವು ಒಲೆಯ ಮೂಲೆಯಲ್ಲಿಯೇ ಬಿದ್ದಿತ್ತು!

ಇದಕ್ಕಿಂತಲೂ ಮಹತ್ತ್ವದ್ದು ಆತನು ತಲಪಿದ ತೀರ್ಮಾನ. ಅದುವರೆಗೆ ಪಂಡಿತರಲ್ಲಿ ಹಲವರು ಉಕ್ಕೆಂದರೆ ಹೆಚ್ಚು ಶುದ್ಧವಾದ ಕಬ್ಬಿಣ ಎಂದು ನಂಬಿದ್ದರು. ಬೆಂಕಿಯು ಕೊಳೆಯನ್ನು ಕಳೆದು ಉಕ್ಕನ್ನು ಉಳಿಸುತ್ತದೆ ಎಂಬುದು ಅವರ ಎಣಿಕೆ. ರಿಯೋಮರನು ಇದನ್ನು ತಲೆಕೆಳಗು ಮಾಡಿದನು. ಉಕ್ಕಿನಲ್ಲಿ ಕಳೆದುಹೋದದ್ದು ಏನೂ ಇಲ್ಲ, ಹೊರಗಿನಿಂದ ಸೇರಿಕೊಂಡದ್ದು ಇದೆ ಎಂದು ಆತನು ತೋರಿಸಿದನು. ಮೆದು ಕಬ್ಬಿಣದಲ್ಲಿ ಆ ಪದಾರ್ಥ ಅತ್ಯಲ್ಪ. ಉಕ್ಕಿನಲ್ಲಿ ಅದಕ್ಕಿಂತ ಹೆಚ್ಚು. ಎರಕದ ಬೀಡಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಮೂರೂ ಒಂದೇ ತಾಯಿಯ ಮಕ್ಕಳು. ಹಾಗಾದರೆ ಬೀಡನ್ನೂ ಮೆದು ಕಬ್ಬಿಣವನ್ನೂ ಕೂಡಿಸಿ ಕರಗಿಸಿದರೆ ನಡುವಿನದಾದ ಉಕ್ಕು ಬರಬೇಕಲ್ಲವೇ? ಆತನು ಅದನ್ನೂ ಮಾಡಿ ನೋಡಿದನು, ಉಕ್ಕು ಬಂದಿತು. ಒಡೆಯುವ ಸ್ವಭಾವದ ಬೀಡಿನಿಂದ ಆ ಪದಾರ್ಥವನ್ನು ಹೊರಸೆಳೆದರೆ ಅದು ಮೆತ್ತಗಾಗಬೇಕಲ್ಲವೇ? ಸುಟ್ಟ ಎಲುಬಿನ ಪುಡಿ ಮುಂತಾದವುಗಳಲ್ಲಿ ಹೂತು ಬಹುಕಾಲ ಕಾಯಿಸಿ ಅದನ್ನೂ ಸಾಧಿಸಿದನು. ಅಲಂಕಾರದ ಬಾಗಿಲು, ಕಂಬಿಗಳನ್ನು ಎರಕ ಹೊಯ್ದು ಅನಂತರ ಮೆತ್ತಗೆ ಮಾಡುವ ವಿಧಾನ ಹೀಗೆ ಹುಟ್ಟಿತು.

ಆದರೆ ಆ ಪದಾರ್ಥ ಯಾವುದು? ರಿಯೋಮರನು ಅದನ್ನು ಗಂಧಕಗಳು ಮತ್ತು ಲವಣಗಳು ಎಂದು ಕರೆದನು. ಹೆಸರು ತಪ್ಪು. ಅಂದಿನ ರಸಾಯನಶಾಸ್ತ್ರಕ್ಕೆ ಅದಕ್ಕಿಂತ ಮುಂದೆ ಕಣ್ಣು ಹಾಯಿಸುವ ಶಕ್ತಿ ಇರಲಿಲ್ಲ. ಇಂದು ನಾವು ಅದನ್ನು ಇಂಗಾಲವೆಂದು ಬಲ್ಲೆವು. ಮೆದುವಾದ ಉಕ್ಕಿನ ನೂರು ಭಾಗಗಳಲ್ಲಿ ಇಂಗಾಲದ ಪಾಲು ೦.೧ರಿಂದ ೦.೨ರಷ್ಟು ಮಾತ್ರ. ಅದು ೦.೮ರ ಆಸುಪಾಸಿಗೆ ಬಂದರೆ, ಕಾಯಿಸಿ ನೀರಿನಲ್ಲಿ ಅದ್ದಿದಾಗ ಗಾಜನ್ನು ಗೀರುವಷ್ಟು ಗಡಸು ಬರುತ್ತದೆ. ೨ನ್ನು ಮೀರಿದರೆ ಅದು ಬೀಡು. ಇಷ್ಟು ಸಣ್ಣ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ!

ಈಗ ಮೈಗೆ ಗಡಸು ಬರುವ ಬಗೆಯನ್ನು ತಿಳಿಯೋಣ. ಕೆಂಪಗೆ ಕಾದ ಕಬ್ಬಿಣದೊಳಗೆ ಇಂಗಾಲವು ನಿಧಾನವಾಗಿ ಇಳಿಯುತ್ತದೆ. ಒಣಗಿದ ನೆಲದಲ್ಲಿ ಮಳೆಯ ನೀರು ಇಂಗುವಂತೆ ಮೊದಲು ಮೇಲಿನ ಪದರ ತೋಯುತ್ತದೆ, ಬಳಿಕ ಒಳಗಿನದು. ಕಬ್ಬಿಣದ ಸರಳುಗಳನ್ನು ಇದ್ದಿಲಿನಲ್ಲಿ ಹೂತು ದಿನಗಟ್ಟಲೆ ಕಾಯಿಸಿದರೆ ಒಳಗೂ ಹೊರಗೂ ಉಕ್ಕಾಗುತ್ತವೆ. ಕೆಲವೇ ಗಂಟೆ ಕಾಯಿಸಿದರೆ ಮೇಲಿನ ತೊಗಲು ಮಾತ್ರ ಉಕ್ಕಾಗುತ್ತದೆ. ಇಂದಿನ ಲೆಕ್ಕದಲ್ಲಿ ೯೦೦ರಿಂದ ೯೫೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಕೆಲವು ಗಂಟೆಗಳಿಟ್ಟರೆ ಸುಮಾರು ಒಂದು ಮಿಲಿಮೀಟರ್ ಆಳದವರೆಗೆ ಇಂಗಾಲ ಇಳಿಯುವುದು. ಆಮೇಲೆ ಅದನ್ನು ನೀರಿನಲ್ಲೋ ಎಣ್ಣೆಯಲ್ಲೋ ತಟ್ಟನೆ ಅದ್ದಿದರೆ ಇಂಗಾಲ ತುಂಬಿದ ಮೇಲ್ಮೈ ಗಡಸಾಗುತ್ತದೆ. ಇಂಗಾಲ ಕಡಮೆಯಿರುವ ತಿರುಳು ಜಿಗುಟಾಗಿಯೇ ಉಳಿಯುತ್ತದೆ. ಫ್ರಾನ್ಸಿನ ಕಮ್ಮಾರರು ಸಾಮಾನುಗಳನ್ನು ಮಸಿಯ ಮಿಶ್ರಣದೊಡನೆ ಪೊಟ್ಟಣ ಕಟ್ಟಿ ಕಾಯಿಸುತ್ತಿದ್ದುದರಿಂದ ಇದನ್ನು ಪೊಟ್ಟಣದ ಹದ ಎನ್ನುತ್ತಿದ್ದರು. ಅವರ ಕೈಗೆ ಗೊತ್ತಿದ್ದ ಈ ಕೆಲಸಕ್ಕೆ ಕಾರಣವನ್ನು ಹುಡುಕಿ, ಅದಕ್ಕೂ ಪೂರ್ತಿ ಉಕ್ಕು ಮಾಡುವ ಕೆಲಸಕ್ಕೂ ನಂಟನ್ನು ತೋರಿಸಿದ್ದೇ ರಿಯೋಮರನ ಹಿರಿಮೆ.

ಇಲ್ಲಿ ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿಯೊಂದಿದೆ. ಈ ಶೋಧನೆಯ ಕಾಲದಲ್ಲಿ ರಿಯೋಮರನ ಕೈಗೆ ಈಜಿಪ್ಟಿನ ಕೈರೋ ಪಟ್ಟಣದ ಮೂಲಕ ಹಿಂದೂಸ್ಥಾನದ ಉಕ್ಕಿನ ಗಟ್ಟಿಗಳು ಬಂದವು. ಆತನು ಅವುಗಳನ್ನು ಪ್ಯಾರಿಸ್ಸಿನ ಕಮ್ಮಾರರಿಗೆ ಕೊಟ್ಟನು. ಅದರಿಂದ ಒಂದು ಉಪಕರಣವನ್ನು ಬಡಿದು ಮಾಡಲು ಅವರಲ್ಲಿ ಒಬ್ಬನಿಗೂ ಸಾಧ್ಯವಾಗಲಿಲ್ಲ. ಆ ಉಕ್ಕಿನಲ್ಲಿ ಇಂಗಾಲವು ಬಹಳ ಹೆಚ್ಚು. ಯೂರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಅದನ್ನು ಅತಿಯಾಗಿ ಕಾಯಿಸಿ ಬಡಿದರೆ ಅದು ಪುಡಿಯಾಗುತ್ತಿತ್ತು. ಹಿತವಾದ ಕಾವಿನಲ್ಲಿ ತಾಳ್ಮೆಯಿಂದ ಬಡಿಯುವ ವಿದ್ಯೆಯನ್ನು ನಮ್ಮವರೂ ಪಶ್ಚಿಮ ಏಷ್ಯದ ಕತ್ತಿ ಮಾಡುವವರೂ ಬಲ್ಲವರಾಗಿದ್ದರು.

ದಕ್ಷಿಣ ಹಿಂದೂಸ್ಥಾನದ ಈ ಉಕ್ಕನ್ನು ಇಂಗ್ಲಿಷರು ಮುಂದೆ ವೂಟ್ಸ್ ಎಂದು ಕರೆದರು. ಆ ಶಬ್ದ ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇದನ್ನು ಮಾಡುವ ರೀತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳನ್ನಿಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿಯಲ್ಲಿಯೂ ಎಲೆಯಲ್ಲಿಯೂ ಇದ್ದ ಇಂಗಾಲವೇ ಕಬ್ಬಿಣವನ್ನು ಹೊಕ್ಕು ಉಕ್ಕಾಗಿಸುತ್ತಿತ್ತು. ಪ್ಯಾರಿಸ್ಸಿನ ಪಂಡಿತನ ಮಸಿಯೂ ಮೈಸೂರಿನ ಕುಲುಮೆಯವನ ತಂಗಡಿ ಕಡ್ಡಿಯೂ ಒಂದೇ ಕೆಲಸವನ್ನು ಮಾಡಿದವು. ಆದರೆ ನಮ್ಮ ಕುಲುಮೆಯವರು ತಾವು ಬಲ್ಲದ್ದನ್ನು ಬರೆದಿಡಲಿಲ್ಲ. ಬರೆದಿಡುವ ವಿದ್ಯಾವಂತರು ಕುಲುಮೆಯ ಬಳಿಗೆ ಹೋಗಲಿಲ್ಲ. ವಿದೇಶದ ಅಗ್ಗದ ಉಕ್ಕು ಬಂದಾಗ ಕುಲುಮೆಗಳು ಆರಿದವು. ಅವುಗಳೊಡನೆ ವಿದ್ಯೆಯೂ ಆರಿತು. ಕೈಯಿಗೂ ಲೇಖನಿಗೂ ನಡುವೆ ಗೋಡೆ ಎದ್ದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೧೭೨೨ರಲ್ಲಿ ರಿಯೋಮರನು ತನ್ನ ಶೋಧನೆಗಳನ್ನೆಲ್ಲ ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ಮಿಶ್ರಣದ ಅಳತೆ, ಒಲೆಯ ರಚನೆ, ಕಾಯಿಸುವ ಕಾಲ, ತಾನು ಸೋತ ಪರೀಕ್ಷೆಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಇದಕ್ಕೆ ಮೆಚ್ಚುಗೆಯಷ್ಟೇ ಆಕ್ಷೇಪಣೆಯೂ ಬಂದಿತು. ಇಂತಹ ಅಮೂಲ್ಯ ವಿದ್ಯೆಯನ್ನು ಅಚ್ಚು ಹಾಕಿಸಿದರೆ ಹೊರದೇಶದವರೂ ಕಲಿತುಬಿಡುವರಲ್ಲವೇ, ದೇಶಕ್ಕೆ ನಷ್ಟವಲ್ಲವೇ ಎಂದು ಕೆಲವರು ಕೇಳಿದರು. ಕೆಲವೇ ಮಂದಿಗೆ ಹೇಳಿ ಲಾಭ ಮಾಡಿಕೊಳ್ಳಬಹುದಿತ್ತು ಎಂದು ಮತ್ತೆ ಕೆಲವರು ಅಂದುಕೊಂಡರು. ಈ ಮಾತುಗಳಿಗೆ ಆತನು ಗ್ರಂಥದ ಪೀಠಿಕೆಯಲ್ಲಿಯೇ ಉತ್ತರ ಕೊಟ್ಟನು. ತಿಳಿದದ್ದನ್ನು ಬಚ್ಚಿಡುವ ಹಕ್ಕು ವಿದ್ವಾಂಸನಿಗೆ ಇಲ್ಲ, ನಾವು ನಮ್ಮ ದೇಶಕ್ಕೆ ಸೇರಿದವರಾಗಿರುವಂತೆಯೇ ಇಡೀ ಲೋಕಕ್ಕೂ ಸೇರಿದವರು ಎಂಬುದು ಆತನ ವಾದದ ಸಾರ. ರಾಜ್ಯಗಳು ಪರಸ್ಪರ ಕತ್ತಿ ಮಸೆಯುತ್ತಿದ್ದ ಕಾಲದಲ್ಲಿ, ಅದರಲ್ಲಿಯೂ ಕತ್ತಿಗೆ ಬೇಕಾದ ಉಕ್ಕಿನ ವಿಷಯದಲ್ಲಿಯೇ, ಈ ಮಾತನ್ನಾಡುವುದಕ್ಕೆ ಧೈರ್ಯ ಬೇಕಾಗಿತ್ತು.

ರಾಜ್ಯವನ್ನು ಆಗ ಆಳುತ್ತಿದ್ದ ಓರ್ಲಿಯನ್ಸಿನ ಡ್ಯೂಕನು ಸಂತೋಷಗೊಂಡು ವರ್ಷಕ್ಕೆ ೧೨,೦೦೦ ಲೀವ್ರ್‌ಗಳ ವೇತನವನ್ನು ರಿಯೋಮರನಿಗೆ ಗೊತ್ತುಮಾಡಿದನು. ಅದು ಆ ಕಾಲಕ್ಕೆ ಬಹು ದೊಡ್ಡ ಮೊತ್ತ. ಆದರೆ ರಿಯೋಮರನು ಅದನ್ನು ತನ್ನ ಜೀವಮಾನಕ್ಕೆ ಮಾತ್ರ ಮೀಸಲಾಗಿಡಲು ಒಪ್ಪಲಿಲ್ಲ. ತನ್ನ ತರುವಾಯ ಆ ಹಣ ಅಕಾಡೆಮಿಗೆ ಸಲ್ಲಬೇಕು, ಕೈಗಾರಿಕೆಗಳ ಸುಧಾರಣೆಗಾಗಿ ವಿನಿಯೋಗವಾಗಬೇಕು ಎಂದು ಬೇಡಿಕೊಂಡು, ಹಾಗೆಯೇ ಆಗುವಂತೆ ಮಾಡಿಸಿದನು.

ಇಷ್ಟಾದರೂ ಆತನ ಆಸೆಯೆಲ್ಲ ಕೈಗೂಡಿತೆಂದು ತಿಳಿಯಬೇಡಿರಿ. ಆತನ ವಿಧಾನದಿಂದ ಉಕ್ಕು ತಯಾರಿಸಲು ಕೋನ್ ಎಂಬ ಊರಿನಲ್ಲಿ ಸ್ಥಾಪಿತವಾದ ಕಾರ್ಖಾನೆ ಏಳಿಗೆ ಹೊಂದಲಿಲ್ಲ. ಪರೀಕ್ಷಾಗೃಹದ ಸಣ್ಣ ಪಾತ್ರೆಯಲ್ಲಿ ಸಾಧಿಸಿದ್ದನ್ನು ದೊಡ್ಡ ಕುಲುಮೆಯಲ್ಲಿ ಸಾಧಿಸುವುದು ಬೇರೆಯೇ ವಿದ್ಯೆ. ಉತ್ತಮ ಉಕ್ಕಿನ ಕೀರ್ತಿ ಕೆಲವು ದಶಕಗಳಲ್ಲಿ ಇಂಗ್ಲೆಂಡಿನ ಷೆಫೀಲ್ಡಿಗೆ ಸಂದಿತು. ಅಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ಮೂಸೆಯಲ್ಲಿ ಉಕ್ಕನ್ನು ಕರಗಿಸುವ ರೀತಿಯನ್ನು ಸಾಧಿಸಿದನು. ರಿಯೋಮರನು ಹಣದ ಲೆಕ್ಕದಲ್ಲಿ ಸೋತನು. ಆದರೆ ಆತನ ಪುಸ್ತಕ ಸೋಲಲಿಲ್ಲ.

ಆತನೂ ಸೋಲನ್ನು ಹಿಡಿದುಕೊಂಡು ಕೂಡಲಿಲ್ಲ. ೧೭೨೫ರಲ್ಲಿ ಕಬ್ಬಿಣದ ತಗಡಿಗೆ ತವರದ ಲೇಪ ಕೊಡುವ ವಿಧಾನವನ್ನು ವಿವರಿಸಿದನು. ೧೭೩೦ರಲ್ಲಿ ತನ್ನ ಉಷ್ಣತಾಮಾಪಕವನ್ನು ನಿರ್ಮಿಸಿದನು. ನೀರು ಹೆಪ್ಪುಗಟ್ಟುವ ಬಿಂದುವನ್ನು ೦ ಎಂದೂ ಕುದಿಯುವ ಬಿಂದುವನ್ನು ೮೦ ಎಂದೂ ಗುರುತಿಸುವ ಈ ಮಾಪಕವು ಯೂರೋಪಿನ ಅನೇಕ ದೇಶಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಇಂದು ಬಹುಮಟ್ಟಿಗೆ ಮರೆಯಾಗಿದೆ. ಕಡಜಗಳು ಮರದ ನಾರನ್ನು ಅಗಿದು ಕಾಗದದಂತಹ ಗೂಡನ್ನು ಕಟ್ಟುವುದನ್ನು ನೋಡಿ, ಮರದಿಂದ ಮನುಷ್ಯನೂ ಕಾಗದ ಮಾಡಬಹುದೆಂದು ೧೭೧೯ರಲ್ಲಿಯೇ ಸೂಚಿಸಿದ್ದನು. ಆಗ ಕಾಗದವನ್ನು ಹಳೆಯ ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ೧೭೩೪ರಿಂದ ೧೭೪೨ರವರೆಗೆ ಕೀಟಗಳ ಜೀವನವನ್ನು ಕುರಿತು ಆರು ದೊಡ್ಡ ಸಂಪುಟಗಳನ್ನು ಹೊರತಂದನು. ೧೭೫೨ರಲ್ಲಿ ಸಾಕಿದ ಹದ್ದೊಂದಕ್ಕೆ ಮಾಂಸವಿಟ್ಟ ಲೋಹದ ಕೊಳವೆಗಳನ್ನು ನುಂಗಿಸಿ, ಹೊಟ್ಟೆಯ ರಸವೇ ಆಹಾರವನ್ನು ಕರಗಿಸುವುದೆಂದು ತೋರಿಸಿದನು. ಕಬ್ಬಿಣವಾಗಲಿ, ಕಡಜವಾಗಲಿ, ಹದ್ದಿನ ಹೊಟ್ಟೆಯಾಗಲಿ, ಆತನ ರೀತಿ ಒಂದೇ: ಕೇಳಿದ್ದನ್ನು ಒಪ್ಪದೆ ಮಾಡಿ ನೋಡುವುದು.

ರಿಯೋಮರನು ಮದುವೆಯಾಗಲಿಲ್ಲ. ೧೭೫೭ನೆಯ ಅಕ್ಟೋಬರ್ ೧೭ರಂದು, ತನ್ನ ಹಳ್ಳಿಯ ಮನೆಯಾದ ಬೆರ್ಮೊಂದಿಯೇರ್‌ನಲ್ಲಿ, ಕುದುರೆಯಿಂದ ಬಿದ್ದುದರ ಪರಿಣಾಮವಾಗಿ ತೀರಿಕೊಂಡನು. ಆಗ ಆತನಿಗೆ ೭೪ ವರ್ಷ. ೧೩೮ ಕಟ್ಟುಗಳಷ್ಟು ಕೈಬರಹಗಳನ್ನೂ ಪ್ರಾಣಿವಸ್ತುಗಳ ದೊಡ್ಡ ಸಂಗ್ರಹವನ್ನೂ ಅಕಾಡೆಮಿಗೆ ಬಿಟ್ಟುಹೋದನು. ಆತನು ಹೊತ್ತಿದ್ದ ಕೈಕಸಬುಗಳ ವರ್ಣನೆಯ ಕಾರ್ಯವು ಆತನ ಕಾಲದಲ್ಲಿ ಮುಗಿಯಲಿಲ್ಲ. ನಾಲ್ಕು ವರ್ಷಗಳ ಬಳಿಕ, ೧೭೬೧ರಿಂದ, ಅದರ ಭಾಗಗಳು ಒಂದೊಂದಾಗಿ ಬೆಳಕು ಕಂಡವು.

ಆತನು ತಪ್ಪು ಹೆಸರಿಟ್ಟ ಆ ಪದಾರ್ಥದ ನಿಜ ನಾಮವನ್ನು ಹೇಳಲು ಇನ್ನೊಂದು ತಲೆಮಾರು ಬೇಕಾಯಿತು. ೧೭೮೬ರಲ್ಲಿ ಆತನ ಅಕಾಡೆಮಿಯವರೇ ಆದ ವಾಂದರ್ಮೊಂಡ್, ಬೆರ್ತೊಲೆ, ಮೊಂಜ್ ಎಂಬ ಮೂವರು ಅದು ಇಂಗಾಲವೆಂದು ಸಿದ್ಧಪಡಿಸಿದರು. ೧೭೯೯ರಲ್ಲಿ ಗಿತೋಂ ದ ಮೊರ್ವೋ ಎಂಬ ರಸಾಯನಜ್ಞನ ಪ್ರಯೋಗದಲ್ಲಿ ಕಬ್ಬಿಣದ ಸಣ್ಣ ಮೂಸೆಯಲ್ಲಿ ಒಂದು ವಜ್ರವನ್ನಿಟ್ಟು ಕಾಯಿಸಲಾಯಿತು. ವಜ್ರ ಮಾಯವಾಯಿತು, ಕಬ್ಬಿಣ ಉಕ್ಕಾಯಿತು. ವಜ್ರವೂ ಇಂಗಾಲವೇ ಅಲ್ಲವೇ! ರಿಯೋಮರನ ಒಲೆಯ ಮಸಿ ಮಾಡಿದ ಕೆಲಸವನ್ನೇ ರಾಜರ ಕಿರೀಟದ ವಜ್ರವೂ ಮಾಡಿತು, ಹೆಚ್ಚಿನದೇನನ್ನೂ ಮಾಡಲಿಲ್ಲ.

ಇಂದು ಈ ವಿದ್ಯೆ ಅನೇಕ ಕವಲುಗಳಾಗಿ ಬೆಳೆದಿದೆ. ಇದ್ದಿಲ ಪುಡಿಯ ಬದಲು ಇಂಗಾಲವುಳ್ಳ ಅನಿಲವನ್ನು ಮುಚ್ಚಿದ ಕುಲುಮೆಯಲ್ಲಿ ಹಾಯಿಸಿ ಹಲ್ಲುಚಕ್ರಗಳ ಮೈಯನ್ನು ಗಡಸು ಮಾಡುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಇನ್ನೊಂದು ರೀತಿಯಲ್ಲಿ ಅಮೋನಿಯಾ ಅನಿಲದಿಂದ ಸಾರಜನಕವನ್ನು ಉಕ್ಕಿನ ಮೈಗೆ ಸೇರಿಸುತ್ತಾರೆ. ಇದಕ್ಕೆ ೫೦೦ರಿಂದ ೫೫೦ ಡಿಗ್ರಿಯ ಕಾವು ಸಾಕು. ನೀರಿನಲ್ಲಿ ಅದ್ದುವ ಅವಶ್ಯಕತೆಯಿಲ್ಲದ್ದರಿಂದ ಸಾಮಾನು ಸೊಟ್ಟಗಾಗುವ ಭಯ ಕಡಮೆ. ಉಕ್ಕಿನಲ್ಲಿಯೇ ಸಾಕಷ್ಟು ಇಂಗಾಲವಿದ್ದರೆ ಹೊಸದಾಗಿ ಏನನ್ನೂ ಸೇರಿಸಬೇಕಾಗಿಲ್ಲ. ಉರಿಯುವ ಅನಿಲದ ಜ್ವಾಲೆಯಿಂದಲೋ, ಸುತ್ತಲೂ ಹಾಯುವ ವಿದ್ಯುತ್ತಿನ ಪ್ರಭಾವದಿಂದಲೋ, ಮೇಲ್ಮೈಯನ್ನು ಮಾತ್ರ ಕೆಲವು ಕ್ಷಣಗಳಲ್ಲಿ ಕೆಂಪಗೆ ಕಾಯಿಸಿ, ಒಳಗು ಕಾಯುವ ಮೊದಲೇ ನೀರು ಚಿಮ್ಮಿಸಿ ತಣಿಸುತ್ತಾರೆ. ವಿಧಾನಗಳು ಹಲವು, ಗುರಿ ಒಂದೇ: ಗಡಸು ಮೈ, ಜಿಗುಟು ತಿರುಳು.

೧೯೫೬ರಲ್ಲಿ, ಎಂದರೆ ಪ್ರಕಟವಾದ ೨೩೪ ವರ್ಷಗಳ ಬಳಿಕ, ರಿಯೋಮರನ ಉಕ್ಕಿನ ಗ್ರಂಥವನ್ನು ಅಮೆರಿಕದ ಷಿಕಾಗೋದಲ್ಲಿ ಇಂಗ್ಲಿಷಿಗೆ ಭಾಷಾಂತರಿಸಿ ಅಚ್ಚು ಹಾಕಿದರು. ಗುಟ್ಟನ್ನು ಗಂಟು ಕಟ್ಟಿಕೊಂಡು ಹೋದವರ ಹೆಸರುಗಳು ಇಂದು ಯಾರಿಗೂ ತಿಳಿಯವು. ಗಂಟು ಬಿಚ್ಚಿ ಹಂಚಿದವನ ಪುಸ್ತಕ ಮಾತ್ರ ಮೂರು ಶತಮಾನಗಳನ್ನು ದಾಟಿ ಬಂದಿದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ತಂದೆಯರೂ ಅಣ್ಣಂದಿರೂ ಈ ನಗರದ ಕಾರ್ಖಾನೆಗಳಲ್ಲಿ, ಗ್ಯಾರೇಜುಗಳಲ್ಲಿ, ಲೇತ್ ಯಂತ್ರಗಳ ಮುಂದೆ ದುಡಿಯುವವರು. ಎಣ್ಣೆಯ ಕಲೆಯಾದ ಅವರ ಅಂಗಿಯನ್ನು ನೋಡಿ ನಾಚುವ ಕಾರಣವಿಲ್ಲ. ಅವರ ಕೈಗೆ ತಿಳಿದಿರುವುದು ನಿಮ್ಮ ಪುಸ್ತಕಗಳಲ್ಲಿ ಇನ್ನೂ ಬಂದಿರಲಾರದು. ಸಂಜೆ ಅವರು ಮನೆಗೆ ಬಂದಾಗ ಪಕ್ಕದಲ್ಲಿ ಕುಳಿತು, ಈ ಉಕ್ಕಿಗೆ ಹದ ಹೇಗೆ ಕೊಡುವಿರಿ, ಏಕೆ ಹಾಗೆಯೇ ಕೊಡುವಿರಿ ಎಂದು ಕೇಳಿರಿ. ಹೇಳಿದ್ದನ್ನು ಕನ್ನಡದಲ್ಲಿ, ಅವರು ಬಳಸುವ ಮಾತುಗಳಲ್ಲಿಯೇ, ಬರೆದಿಡಿರಿ. ನಮ್ಮ ಮೂಸೆಯ ಉಕ್ಕಿನ ವಿದ್ಯೆಗೆ ಅಂದು ದೊರೆಯದೆ ಹೋದ ಲೇಖನಿ ಇಂದು ನಿಮ್ಮ ಕೈಯಲ್ಲಿದೆ.